ಆಮೆಯ ಕೆಳಗೊಂದು ಕೆರೆ

ಆಗೆಲ್ಲ ನಮ್ಮ ಕೊಣ್ಣೂರಿನಲ್ಲಿ ಕಬ್ಬು ಕಡಿಯುವ ದಿನಗಳು ಬಂದವೆಂದರೆ ಊರಿಗೆ ಊರೇ ಬೆಲ್ಲದ ವಾಸನೆಯಲ್ಲಿ ಮುಳುಗುತ್ತಿತ್ತು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷ ಅದರ ಜೊತೆ ಟರ್ಪೆಂಟೈನಿನ ಘಾಟೂ ಸೇರಿಕೊಂಡಿತು. ಶಾಲೆಯ ಉದ್ದನೆಯ ಗೋಡೆಯ ಮೇಲೆ ಪ್ರಾಣಿಗಳ ಕಥೆಯ ಚಿತ್ರ ಬರೆಯಲು ಪೇಂಟರ್ ಬಸಪ್ಪ ಕಾಕಾ ಬಂದಿದ್ದರು.

ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹೆಸರು ಬರೆಯುವುದು ಅವರ ಕಸುಬು. ಸಿಂಹವನ್ನು ಕಣ್ಣಾರೆ ಕಂಡವರಲ್ಲ. ಹಾಗಾಗಿ ಬಾವಿಯೊಳಗೆ ಇಣುಕುವ ಸಿಂಹಕ್ಕೆ ಊರ ಗೌಡರ ಹುರಿಮೀಸೆ ಬಂದಿತ್ತು. ಮೊಸಳೆಯ ಬೆನ್ನೇರಿದ ಮಂಗ, ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕವರ ಹಾಗೆ ಕುಳಿತಿತ್ತು. ನಾವು ಕುಂಟಾಟ ಬಿಟ್ಟು, ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿಕೊಂಡು, ಗೋಡೆಯ ಮುಂದೆಯೇ ಕುಳಿತು ತಿನ್ನುತ್ತಿದ್ದೆವು.

ಮೂರನೆಯದು ಆಮೆಯ ಕಥೆ. ಎರಡು ಹಂಸಗಳು ಕೋಲಿನ ತುದಿಗಳನ್ನು ಹಿಡಿದು ಹಾರುತ್ತವೆ. ನಡುವೆ ಕಚ್ಚಿಕೊಂಡ ಆಮೆ ಮಾತಾಡಲು ಬಾಯಿ ಬಿಟ್ಟು, ಬಿದ್ದು ಸಾಯುತ್ತದೆ. ನಾನೋ ಮಾತಿನ ಮಲ್ಲಿ. ಚಿತ್ರ ಅರ್ಧವಾಗಿದ್ದಾಗಲೇ ಪಾಠ ಹೇಳುತ್ತಿದ್ದ ನಮ್ಮ ಅಕ್ಕೋರು ನನ್ನನ್ನು ತರಗತಿಯಿಂದ ಎಬ್ಬಿಸಿ ಅದರೆದುರು ನಿಲ್ಲಿಸಿದರು.

"ಬಾಯಿ ಬಿಟ್ರ ಏನಾಗ್ತೈತಿ, ನೋಡ್ಕೋ. ಸಾಲಿ ಬಿಡೂತನಕಾ ಇಲ್ಲೇ ನಿಂದ್ರು."

ಹುಡುಗರೆಲ್ಲ ನಕ್ಕರು. ಸಂಜೆಯ ಹೊತ್ತಿಗೆ ನನ್ನ ಹೆಸರೇ 'ಆಮಿ' ಆಗಿತ್ತು. ಮೂರು ದಿನ ನಾನು ಯಾರೊಂದಿಗೂ ಮಾತಾಡಲಿಲ್ಲ. ಮನೆಯಲ್ಲಿ ಅವ್ವ ಹಣೆ ಮುಟ್ಟಿ, "ಜ್ವರ ಬಂದಾವೇನ?" ಎಂದಳು. ಇಲ್ಲವೆಂದು ತಲೆಯಾಡಿಸಿದೆ.

ನಾಲ್ಕನೆಯ ದಿನ ಕಾಕಾ ಗೋಡೆಯ ಕೆಳಭಾಗ ಬರೆಯಲು ಕುಳಿತಿದ್ದರು. ನನ್ನನ್ನು ಕಂಡು ಕೇಳಿದರು:

"ಯಾಕವಾ, ಮೂರ್ ದಿನಾತು, ನಿನ್ನ ದನೀನ ಇಲ್ಲಲ?"

ನನಗೆ ಅಳು ತಡೆಯಲಾಗಲಿಲ್ಲ.

"ಕಾಕಾ, ಅದು ಬಿದ್ದು ಸತ್ತ ಹೋಗತೈತೇನ್ರಿ?"

"ಕಥಿ ಹಂಗ ಐತೆಲ್ಲವಾ."

"ಅದಕ್ಕ ಅವ್ವ ಇರಂಗಿಲ್ಲೇನ್ರಿ?"

ಕಾಕಾ ಗೋಡೆಯ ಮೇಲಿನ ಆಮೆಯನ್ನೊಮ್ಮೆ ನೋಡಿದರು. ಆಮೇಲೆ ನೀಲಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆದರು. ಮಧ್ಯಾಹ್ನದ ಗಂಟೆ ಹೊಡೆಯುವಷ್ಟರಲ್ಲಿ ಆಮೆಯ ಕೆಳಗೆ ತುಂಬಿದ ಕೆರೆಯೊಂದು ಹರಡಿಕೊಂಡಿತ್ತು.

ಅಕ್ಕೋರು ಬಂದು ನೋಡಿ ಸಿಟ್ಟಾದರು.

"ಕೆರಿ ಬರೀರಿ ಅಂತ ಯಾರ್ ಹೇಳಿದ್ರು ನಿಮಗ? ಇದು ಬಿದ್ರೂ ಬದುಕತೈತಿ! ನೀತಿ ಎಲ್ಲಿ ಉಳೀತು?"

ಕಾಕಾ ಕುಂಚ ಒರೆಸುತ್ತ ಮೆತ್ತಗೆ ಹೇಳಿದರು: "ಬದುಕಿದ್ದು ಮುಂದ ನೋಡ್ಕೊಂಡು ಮಾತಾಡತೈತ್ರಿ ಅಕ್ಕೋರ. ಸತ್ತದ್ದೇನ್ ಕಲೀತೈತ್ರಿ?"

ಅಕ್ಕೋರು ನನ್ನ ಅತ್ತ ಮುಖವನ್ನೊಮ್ಮೆ ನೋಡಿದರು. ಒಳಗೆ ಹೋದರು. ಮಧ್ಯಾಹ್ನದ ಮೇಲೆ ತರಗತಿಯಲ್ಲಿ ನನ್ನನ್ನು ಎಬ್ಬಿಸಿ, "ಆ ಕಥಿ ನೀನ ಹೇಳು" ಎಂದರು. ಕೆರೆಯನ್ನೂ ಸೇರಿಸಿ, ಆಮೆ ಈಜಿ ಮನೆ ಮುಟ್ಟುವವರೆಗೂ ಹೇಳಿದೆ. ಅಕ್ಕೋರು ತಿದ್ದಲಿಲ್ಲ. ಅಂದಿನಿಂದ ಯಾರೂ ನನ್ನನ್ನು ಆಮಿ ಎಂದು ಕರೆಯಲೂ ಇಲ್ಲ.

ಈಗ ನಾನೇ ಹುಕ್ಕೇರಿಯ ಶಾಲೆಯೊಂದರಲ್ಲಿ ಅಕ್ಕೋರು. ನಮ್ಮ ಗೋಡೆಗೆ ಬರುವುದು ಅಚ್ಚು ಹಾಕಿದ ಚಿತ್ರದ ಹಾಳೆಗಳು. ಒಂದು ತಾಸಿನಲ್ಲಿ ಅಂಟಿಸಿ ಹೋಗುತ್ತಾರೆ. ಅವುಗಳಲ್ಲಿ ನರಿಯೂ ಮೊಲವೂ ಒಂದೇ ನಗೆ ನಗುತ್ತವೆ. ಊಟ ಬಿಟ್ಟು ಅವನ್ನು ನೋಡುತ್ತ ಕೂರುವ ಮಗು ನನಗಿನ್ನೂ ಸಿಕ್ಕಿಲ್ಲ.

ಹೋದ ವರ್ಷ ಹೊಸ ಕೋಣೆ ಕಟ್ಟಲು ಕೊಣ್ಣೂರಿನ ಆ ಗೋಡೆಯನ್ನು ಕೆಡವಿದರು. ಅದರದೊಂದು ಫೋಟೋ ಯಾರ ಬಳಿಯೂ ಇಲ್ಲ. ಅದೇ ಶಾಲೆಯಲ್ಲಿ ಕಲಿತ ನನ್ನ ತಂಗಿ, ಆಮೆ ಹಸಿರಿತ್ತು ಎನ್ನುತ್ತಾಳೆ. ನನ್ನ ನೆನಪಿನಲ್ಲಿ ಅದು ಕಂದು. ಇಬ್ಬರೂ ಪಟ್ಟು ಬಿಡುವುದಿಲ್ಲ. ಕೇಳಿ ತಿಳಿಯೋಣವೆಂದರೆ ಬಸಪ್ಪ ಕಾಕಾ ಈಗಿಲ್ಲ.