ಮುಳ್ಳು ಬಿಡಿಸುವ ಹೆಬ್ಬೆರಳು

ಸರಕು ನೋಡುವ ಕಣ್ಣಿನಿಂದಲೇ ಆಕೆಯನ್ನು ಮೊದಲು ನೋಡಿದ್ದು. ವಯಸ್ಸು ಐವತ್ತು ದಾಟಿದೆ, ಮೈ ಒಣಕಲು, ಚಪ್ಪಲಿ ಸವೆದಿದೆ, ಬಾಯಿ ಮಾತ್ರ ಬಲು ಚುರುಕು. ಇಡೀ ಆಸಾಮಿಯಲ್ಲಿ ಒಂದನೇ ದರ್ಜೆಯ ಮಾಲು ಎಂದರೆ ಬಲಗೈ ಹೆಬ್ಬೆರಳು. ಗುಲಾಬಿಯ ಕಾಂಡದ ಮೇಲೆ ಅದನ್ನು ಓರೆಯಾಗಿ ಒತ್ತಿಕೊಂಡು ಹೋದರೆ ಮುಳ್ಳುಗಳು ಪಟಪಟ ಉದುರುತ್ತಿದ್ದವು, ಸಿಪ್ಪೆ ಸುಲಿಯುತ್ತಿರಲಿಲ್ಲ. ಚಾಕು ತಾಗಿದ ಕಾಂಡ ಸಂಜೆಯೊಳಗೆ ಕಪ್ಪಾಗುತ್ತದೆ. ಆಕೆಯದು ಮೂರು ದಿನ ಹಸಿರಾಗಿಯೇ ಇರುತ್ತಿತ್ತು.

ನನ್ನದು ಉಡುಗೊರೆ ಅಂಗಡಿ. ಅದರ ಮೆಟ್ಟಿಲ ಮೇಲೆ ಬಕೆಟ್ ಇಟ್ಟುಕೊಂಡು ಕೂರುತ್ತಿದ್ದ ಆಕೆ ಇಡೀ ಬೀದಿಗೆ ಹೂವಕ್ಕ.

ಪ್ರೇಮಿಗಳ ವಾರ ಬಂತೆಂದರೆ ನಮ್ಮ ಬೀದಿಗೆ ಮರುಳು ಹಿಡಿಯುತ್ತದೆ. ಕೆಂಪು ಬಲೂನು, ಕಂಬದಿಂದ ಕಂಬಕ್ಕೆ ದೀಪದ ಸರ, ಪಿಟೀಲು ಕುಯ್ಯುವ ಮುದುಕ, ಒಂದೇ ಐಸ್‌ಕ್ರೀಮಿಗೆ ಎರಡು ಚಮಚ ಕೇಳುವ ಜೋಡಿಗಳು. ವರ್ಷವಿಡೀ ಮುಖ ತಿರುಗಿಸಿಕೊಂಡಿದ್ದ ಗಂಡಂದಿರೂ ಆ ವಾರ ಹೆಂಡತಿಯ ಕೈ ಬಿಡುವುದಿಲ್ಲ. ನನ್ನ ಪ್ರತಿ ಡಬ್ಬಿಯೊಳಗೂ ಹೂವಕ್ಕನ ಒಂದು ಗುಲಾಬಿ. ಆ ವರ್ಷ ದಿನಕ್ಕೆ ನಾನೂರು ಬೇಕೆಂದಿದ್ದೆ.

ಮೊದಲ ದಿನವೇ ಒಂದು ಮುಳ್ಳು ಆ ಹೆಬ್ಬೆರಳಿಗೆ ಆಳವಾಗಿ ಇಳಿಯಿತು.

"ಸಾಹುಕಾರ್ರೇ, ಡಬ್ಬಿ ಅಂಟಿಸೋ ಗಮ್ ಒಂಚೂರು ಕೊಡಿ. ರಕ್ತ ಹೂವಿಗೆ ತಾಗ್ತಿದೆ."

"ಕೆಂಪು ಹೂವಲ್ವಾ ಅಕ್ಕ, ಯಾರಿಗೆ ಗೊತ್ತಾಗತ್ತೆ?"

"ಬಿಳಿದೂ ಇದಾವಲ್ಲ. ಎರಡು ಹನಿ ಗಮ್ ಕೊಡೋಕೂ ನಿಮಗೆ ಜೀವ ಹೋಗತ್ತೆ."

ಕೊಟ್ಟೆ. ಕ್ಷಣದಲ್ಲಿ ಕಚ್ಚಿಕೊಳ್ಳುವ ಅಂಟು. ಗಾಯದ ಬಾಯಿಗೆ ಬಿಟ್ಟು, ಉಫ್ ಎಂದು ಊದಿ ಮುಚ್ಚಿದಳು. ಹೂವಿನವರು ಹೀಗೇ ಮಾಡುತ್ತಾರೆ; ಪಟ್ಟಿ ಕಟ್ಟಿಕೊಂಡರೆ ಬೆರಳಿಗೆ ಮುಳ್ಳಿನ ಬುಡ ತಿಳಿಯುವುದಿಲ್ಲವಂತೆ. ಆದರೆ ಮುಳ್ಳಿನ ತುದಿ ಒಳಗೇ ಮುರಿದುಕೊಂಡಿತ್ತು.

ಮೂರನೇ ದಿನ ಬೆರಳು ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಬಟ್ಟೆ ಹೊಲಿಯುವ ಕೆಲಸದಿಂದ ಮಗಳು ಓಡಿಬಂದಳು.

"ಏಳಮ್ಮ, ಆಸ್ಪತ್ರೆಗೆ ಹೋಗೋಣ. ಈ ಬೆರಳು ಹೋದ್ರೆ ನಿನ್ನ ಯಾರು ಕೆಲಸಕ್ಕೆ ಕೂರಿಸ್ಕೋತಾರೆ?"

ಎದ್ದು ನಿಂತ ಹೂವಕ್ಕ ನನ್ನ ಮುಖ ನೋಡಿದಳು. ಬಾಗಿಲಲ್ಲಿ ಗಿರಾಕಿಗಳ ಸಾಲಿತ್ತು.

"ಇನ್ನು ನಾಲ್ಕೇ ದಿನ ಅಕ್ಕ," ಎಂದೆ. "ಸೀಸನ್ ಮುಗೀಲಿ, ದೊಡ್ಡ ಡಾಕ್ಟ್ರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಒಂದು ಮುಳ್ಳಿಗೆ ಹೆದರೋ ಬೆರಳಾ ಇದು?"

ಆಕೆಗೆ ಹೆಮ್ಮೆಯಾಯಿತು. "ಕೇಳಿಸ್ಕೊಂಡ್ಯಾ?" ಎಂದು ಮಗಳಿಗೆ ಹೇಳಿ, ಕೂತು ಇನ್ನೊಂದು ಕಟ್ಟು ಬಿಚ್ಚಿದಳು.

"ನಿಮ್ಮ ಮನೆಯವರ ಬೆರಳಾಗಿದ್ರೆ ಹೀಗಂತಿದ್ರಾ?" ಎಂದಳು ಮಗಳು. ನಾನು ರಿಬ್ಬನ್ ಕತ್ತರಿಸುತ್ತಿದ್ದೆ.

ಐದನೇ ದಿನ ಮಧ್ಯಾಹ್ನ ಹೂವಕ್ಕ ಬಕೆಟ್ಟಿನ ಪಕ್ಕಕ್ಕೆ ವಾಲಿದಳು. ಮೈ ಕೆಂಡ. ಜನಜಂಗುಳಿಯಲ್ಲಿ ಗಾಡಿ ಬೀದಿಯೊಳಗೆ ಬರಲಾಗಲಿಲ್ಲ. ನಾನೂ ಪಿಟೀಲಿನ ಮುದುಕನೂ ಆಕೆಯನ್ನು ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೊರಟರೆ, ಫೋಟೊ ತೆಗೆಸಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು, "ಅಂಕಲ್, ಸ್ವಲ್ಪ ಪಕ್ಕಕ್ಕೆ ಹೋಗಿ, ಅಡ್ಡ ಬರ್ತಿದೀರಾ," ಎಂದಳು.

ಕೀವು ಅಂಗೈಗೆ ಇಳಿದಿತ್ತು. ಹೆಬ್ಬೆರಳನ್ನು ಬುಡಕ್ಕೇ ತೆಗೆದರು. ಎರಡು ದಿನ ಮುಂಚೆ ಬಂದಿದ್ದರೆ ಸಣ್ಣದಾಗಿ ಸೀಳಿ, ಮುಳ್ಳು ತೆಗೆದು ಕಳಿಸುತ್ತಿದ್ದೆವು ಎಂದರು ವೈದ್ಯರು.

ಈಗ ಆಕೆ ಮನೆಯಲ್ಲಿದ್ದಾಳೆ. ಎಡಗೈಯಲ್ಲಿ ಉಣ್ಣುತ್ತಾಳೆ, ಗುಂಡಿ ಹಾಕಲು ಮಗಳು ಬೇಕು. ನೋಡಲು ಬಂದವರಿಗೆಲ್ಲ, "ನನ್ನದೇ ಹಟ, ಮಗಳ ಮಾತು ಕೇಳ್ಲಿಲ್ಲ" ಎನ್ನುತ್ತಾಳೆ. ನಾನು ಎದುರಿಗೆ ಕೂತಿದ್ದಾಗಲೂ ಹಾಗೇ ಅಂದಳು. ನಾನು ಅಲ್ಲಗಳೆಯಲಿಲ್ಲ.

ಎದ್ದು ನಿಂತಿದ್ದವಳನ್ನು ಕೂರಿಸಿದವನು ನಾನು. ಹೂವಕ್ಕನಿಗೆ ನಾನೊಂದು ಹೆಬ್ಬೆರಳು ಕೊಡಬೇಕಾಗಿದೆ.