ಯಾರು ಹೋದರು ಎಂದು ಹೇಳದ ಸಾಲು

ನಲವತ್ತೆರಡನೆಯ ವಯಸ್ಸಿನಲ್ಲಿ ಹಳೆಯ ಚೀನೀ ಕಾವ್ಯದ ಮೇಲೆ ಪಿಎಚ್‌ಡಿಗೆ ಸೇರಿದಾಗ ಆಫೀಸಿನಲ್ಲಿ ಎಲ್ಲರೂ ನಕ್ಕಿದ್ದರು. ವಾರಕ್ಕೆ ಮೂರು ದಿನ ಸಾಫ್ಟ್‌ವೇರ್ ಕೆಲಸ, ಉಳಿದ ಎರಡು ದಿನ ಲೈಬ್ರರಿ. ಸಾವಿರ ವರ್ಷದ ಹಿಂದಿನ ಕವಿತೆಗಳನ್ನು ಕಳೆದ ಶತಮಾನದ ಚೀನೀ ಕವಿಗಳು ಹೇಗೆ ತಮ್ಮದಾಗಿಸಿಕೊಂಡರು ಎನ್ನುವುದು ನನ್ನ ವಿಷಯ. ಮಾರ್ಗದರ್ಶಕಿ ಎಪ್ಪತ್ತರ ಆಸುಪಾಸಿನ ಚೀನೀ ಮಹಿಳೆ. ಮಾತು ಕಡಿಮೆ, ಪೆನ್ಸಿಲ್ ಗುರುತು ಜಾಸ್ತಿ.

ಎರಡನೆಯ ವರ್ಷ ಒಂದೇ ಒಂದು ಸಾಲಿನ ಮುಂದೆ ಸಿಕ್ಕಿಬಿದ್ದೆ. ಬರೆದವರ ಹೆಸರೂ ಉಳಿಯದ ಕವಿತೆ ಅದು; ಕಳೆದ ಶತಮಾನದ ಕವಿಯೊಬ್ಬ ಅದನ್ನು ಹೊಸ ಚೀನೀ ಭಾಷೆಯಲ್ಲಿ ಮತ್ತೆ ಬರೆದಿದ್ದ. ಯಾರೋ ನದಿಯ ದಡಕ್ಕೆ ಹೋಗಿ, ಸ್ನೇಹಿತರನ್ನು ದೋಣಿ ಹತ್ತಿಸಿ, ಮನೆಗೆ ಮರಳುತ್ತಾರೆ. ಮೂಲದಲ್ಲಿ ಹೋಗುವುದು, ಕಳಿಸುವುದು, ಮರಳುವುದು ಇಷ್ಟೇ ಇದೆ. ಹೋದವರು ಯಾರೆಂದು ಇಲ್ಲ. ನಾನು ‘ನಾನು ಹೋದೆ’ ಎಂದು ಇಂಗ್ಲಿಷಿಗೆ ತಂದಿದ್ದೆ. ಮೇಡಂ ಆ ‘ನಾನು’ವಿನ ಸುತ್ತ ಪೆನ್ಸಿಲ್ಲಿನಿಂದ ಸುತ್ತು ಹಾಕಿದರು.

“ಇದನ್ನು ಸೇರಿಸಿದ್ದು ಆಧುನಿಕ ಕವಿ. ಹಳೆಯ ಕವಿತೆಯಲ್ಲಿ ಇದಿಲ್ಲ. ಆ ವ್ಯತ್ಯಾಸದ ಮೇಲೆಯೇ ನಿನ್ನ ಅಧ್ಯಾಯ ನಿಲ್ಲಬೇಕು. ಆದರೆ ‘ನಾನು’ ಇಲ್ಲದ ಮಾತು ಹೇಗಿರುತ್ತದೆ ಎಂದು ನಿನಗೆ ಇನ್ನೂ ಕೇಳಿಸಿಲ್ಲ. ನಿನ್ನ ಮನೆಯ ಭಾಷೆಯಲ್ಲಿ ಹೇಳಿ ನೋಡು,” ಎಂದರು.

ಹೇಳಿ ನೋಡಿದೆ. ಹೋದೆ, ಹೋದಳು, ಹೋದರು. ‘ನಾನು’ ಬಿಟ್ಟರೂ ಕ್ರಿಯಾಪದದ ಕೊನೆಯಲ್ಲಿ ಯಾರಾದರೊಬ್ಬರು ಬಂದು ಕೂತೇ ಕೂರುತ್ತಿದ್ದರು. ಮೂರು ವಾರ ಕಳೆಯಿತು. ಓದನ್ನು ಬಿಟ್ಟುಬಿಡುವುದೆಂದು ಮೇಡಂಗೆ ಇಮೇಲ್ ಕೂಡ ಬರೆದಿಟ್ಟಿದ್ದೆ, ಕಳಿಸಿರಲಿಲ್ಲ.

ಲಂಡನ್ನಿನ ಸ್ಟ್ಯಾನ್ಮೋರಿನ ನಮ್ಮ ಮನೆಯಲ್ಲಿ ಅತ್ತೆ ಇದ್ದಾರೆ. ಧಾರವಾಡದವರು. ಇಲ್ಲಿ ಅವರಿಗಿದ್ದ ಒಬ್ಬಳೇ ಗೆಳತಿ ಸೌತ್‌ಹಾಲ್‌ನಲ್ಲಿದ್ದ ಗದಗಿನ ಅಜ್ಜಿ. ಮಂಗಳವಾರ ಬಂತೆಂದರೆ ಇಬ್ಬರೂ ಅಲ್ಲಿನ ಬ್ರಾಡ್‌ವೇ ಬೀದಿಯ ಅಂಗಡಿಗಳಲ್ಲಿ ಬದನೆಕಾಯಿ ಒತ್ತಿ ನೋಡುತ್ತಾ ಅರ್ಧ ದಿನ ಕಳೆಯುತ್ತಿದ್ದರು. ಆ ಅಜ್ಜಿ ಮಗಳ ಜೊತೆ ಸ್ಕಾಟ್ಲೆಂಡಿಗೆ ಹೋಗಿ ನೆಲೆಸುವುದೆಂದಾಯಿತು. ಹೊರಡುವ ದಿನ ಕಾರಿನಲ್ಲಿ ಬಿಡುತ್ತೇನೆಂದರೂ ಅತ್ತೆ ಕೇಳದೆ, ಬಸ್ಸು ಬದಲಿಸಿ ಬದಲಿಸಿ ಒಬ್ಬರೇ ಹೋಗಿಬಂದರು. ಮಧ್ಯಾಹ್ನ ಮನೆಗೆ ಬಂದವರು ಕೋಟು ಕೂಡ ತೆಗೆಯದೆ ಸೋಫಾದ ಮೇಲೆ ಕೂತರು.

“ಏನಾಯ್ತು ಅತ್ತೆ? ಹೊರಟ್ರಾ ಅವ್ರು?”

“ಏನಿಲ್ಲವಾ. ಹೋದದ್ದಾತು, ಕಳಿಸಿದ್ದಾತು, ಬಂದದ್ದಾತು.”

ಅಷ್ಟೇ. ಅಳಲಿಲ್ಲ. ಆ ಮಾತಿನೊಳಗೆ ಅವರೂ ಇರಲಿಲ್ಲ, ಗೆಳತಿಯೂ ಇರಲಿಲ್ಲ. ಎಲ್ಲ ಮುಗಿದದ್ದು ಮಾತ್ರ ಇತ್ತು. ಮೂರು ವಾರದಿಂದ ನಾನು ಹುಡುಕುತ್ತಿದ್ದ ಮಾತು ಅದೇ. ಅವರ ಸಂಕಟದ ಹೊತ್ತಿನಲ್ಲಿ ನನ್ನ ತಲೆ ಅಧ್ಯಾಯದ ಕಡೆಗೆ ಓಡಿತಲ್ಲ ಎಂದು ನಾಚಿಕೆಯೂ ಆಯಿತು. ಚಹಾ ಮಾಡಿಕೊಟ್ಟು ಪಕ್ಕದಲ್ಲಿ ಕೂತೆ. ಗೆಳತಿಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಕೊನೆಗೆ ಮೆಲ್ಲಗೆ ಕೇಳಿದೆ: “ಅತ್ತೆ, ಆಗ ಹೇಳಿದ್ರಲ್ಲ, ಅದನ್ನ ಬರ್ಕೊಳ್ಲಾ?”

“ಅದರಾಗ ಬರಕೊಳ್ಳಾಕ ಏನೈತಿ?” ಎಂದರು.

ಮುಂದಿನ ವಾರ ಮೇಡಂ ಎದುರು ಅದನ್ನು ಹೇಳಿ, ಅರ್ಥ ಬಿಡಿಸಿದೆ. ಇನ್ನೊಮ್ಮೆ ಹೇಳಿಸಿದರು. ಮತ್ತೊಮ್ಮೆ ಹೇಳಿಸಿದರು. ಪೆನ್ಸಿಲ್ ಕೆಳಗಿಟ್ಟು, “ಈಗ ನೀನು ಬರೆಯಬಹುದು,” ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ, “ನನ್ನ ಅಮ್ಮನೂ ಹೀಗೇ ಮಾತಾಡುತ್ತಿದ್ದಳು,” ಎಂದು ಸೇರಿಸಿದರು. ನನ್ನ ಓದಿನ ಅಷ್ಟೂ ವರ್ಷಗಳಲ್ಲಿ ಅವರು ತಮ್ಮ ಮನೆಯವರ ಸುದ್ದಿ ಎತ್ತಿದ್ದು ಅದೊಂದೇ ಸಲ.

ಅಧ್ಯಾಯ ಮುಗಿಯಿತು, ಪದವಿಯೂ ಬಂತು. ಇಬ್ಬರು ಹಿರಿಯ ಹೆಂಗಸರು ಕೊಟ್ಟದ್ದನ್ನು ನಾನು ಜೋಡಿಸಿದೆ ಅಷ್ಟೇ. ಪ್ರಬಂಧದ ಪ್ರತಿ ಮನೆಗೆ ಬಂದಾಗ ಅತ್ತೆಯ ಹೆಸರಿದ್ದ ಅಡಿಟಿಪ್ಪಣಿ ತೆಗೆದು ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

“ನನ್ನ ಹೆಸರು ಇಷ್ಟು ಸಣ್ಣ ಅಕ್ಷರದಾಗ ಯಾಕ ಹಾಕೀದಿ?”

“ದೊಡ್ಡ ದೊಡ್ಡ ಪಂಡಿತರ ಹೆಸರೂ ಅಲ್ಲೇ ಇರೋದು ಅತ್ತೆ.”

“ಹಂಗಾರ ಇರ್ಲಿ,” ಎಂದು ಪುಸ್ತಕ ಮುಚ್ಚಿ, ಸ್ಕಾಟ್ಲೆಂಡಿನ ಗೆಳತಿಗೆ ಫೋನ್ ಹಚ್ಚಿಕೊಡಲು ಹೇಳಿದರು.