ಲೇಸರ್ ಮೇಜಿನ ಅಕ್ಕ

ತುಮಕೂರಿನ ನಮ್ಮ ರೆಸಿಸ್ಟರ್ ಫ್ಯಾಕ್ಟರಿಗೆ ಆಕೆ ದಿನಾ ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಪಿಂಗಾಣಿ ಬಿಲ್ಲೆಯ ಮೇಲೆ ಕಪ್ಪು ಪೇಸ್ಟನ್ನು ಅಚ್ಚೊತ್ತಿ ಕುಲುಮೆಯಲ್ಲಿ ಸುಟ್ಟ ಮೇಲೆ, ಆ ಪದರವನ್ನು ಲೇಸರಿನಿಂದ ಚೂರೇ ಚೂರು ಕೊರೆದು ಅದರ ವಿದ್ಯುತ್ ತಡೆಯನ್ನು ಬೇಕಾದಷ್ಟು ಓಮ್ಸಿಗೆ ಏರಿಸುವುದು ಆಕೆಯ ಕೆಲಸ. ಕೊರೆಯುವ ಮುನ್ನ ಪ್ರತಿ ಬಿಲ್ಲೆಯನ್ನೂ ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದರು. ಇಂಜಿನಿಯರುಗಳಾದ ನಾವು ಏನು ಹೇಳಿದರೂ "ನೀವು ಓದಿರೋರು ಬುಡಿ" ಎನ್ನುತ್ತಿದ್ದರು. ನಾವು ಅದನ್ನು ಹೊಗಳಿಕೆಯೆಂದೇ ತಿಳಿದಿದ್ದೆವು.

ಒಮ್ಮೆ ಆಸ್ಪತ್ರೆಯ ಯಂತ್ರಗಳಿಗೆ ಹೋಗಬೇಕಿದ್ದ ಬಿಲ್ಲೆಗಳ ಒಂದು ಲಾಟಿನಲ್ಲಿ ಪೇಸ್ಟು ದಪ್ಪವಾಗಿ ಕೂತು ಓಮ್ಸ್ ತೀರಾ ಕಡಿಮೆ ಬಂತು. ಹೊಸ ಮ್ಯಾನೇಜರ್, "ಇನ್ನೂ ಉದ್ದಕ್ಕೆ ಕೊರೀರಿ, ಮೀಟರು ಸರಿ ತೋರಿಸಿದ್ರೆ ಸಾಕು" ಎಂದರು. ಅಂಥ ಜ್ಞಾನಕ್ಕೆ ನಾನೂ ಸಹಿ ಹಾಕಿದೆ.

ಆಕೆ ಯಂತ್ರದಿಂದ ಕೈ ತೆಗೆದರು. "ಅಷ್ಟು ಕೊರೆದ್ರೆ ಕರೆಂಟ್ ಹೋಗಕ್ಕೆ ಜಾಗ ಎಲ್ಲಿರುತ್ತೆ ಸಾರ್? ಅಲ್ಲೇ ಕಾದು ಸುಡುತ್ತೆ. ನೀವು ಓದಿರೋರು. ಒಂದನ್ನ ಕೊರೆದುಕೊಡ್ತೀನಿ, ಫುಲ್ ಲೋಡಿಗೆ ಹಾಕಿ ನೋಡಿ."

ಹಾಕಿದೆವು. ಮೀಟರು ಸರಿಯೆಂದಿದ್ದ ಬಿಲ್ಲೆ, ಕೊರೆದ ಗೆರೆಯ ತುದಿಯಲ್ಲಿ ಕೆಂಪಗೆ ಕಾದು ಚಟ್ಟೆಂದು ಸೀಳಿತು. ಇಡೀ ಲಾಟನ್ನು ಎಸೆದು ಹೊಸದಾಗಿ ಅಚ್ಚು ಹಾಕಿಸಬೇಕಾಯಿತು.

ಮುಂದಿನ ವಾರ ಮ್ಯಾನೇಜರ್ ಇದೇ ವಿಷಯದ ಮೇಲೆ ನಮಗೆಲ್ಲ ಟ್ರೈನಿಂಗ್ ಕೊಟ್ಟರು. ಆಕೆ ಮೊದಲ ಸಾಲಿನಲ್ಲೇ ನೋಟ್‌ಬುಕ್ ತೆರೆದು ಕೂತಿದ್ದರು.

"ಸಾರ್, ಮೀಟರು ಸರಿ ತೋರಿಸಿದ್ರೂ ಸುಡುತ್ತೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು?" ಎಂದು ಕೇಳಿದರು.

"ಅನುಭವ ಕಣಮ್ಮ," ಎಂದರು ಮ್ಯಾನೇಜರ್.

ಆಕೆ ತಲೆಯಾಡಿಸಿ, ಆ ಪದವನ್ನು ದುಂಡಗೆ ಬರೆದುಕೊಂಡರು.